ಮೂರು ಮೆಟ್ಟಿಲಿನಿಂದ ಬರುವ ಕಾಯಿಲೆ

ಅಡಿಕೆ ಮರದಿಂದ ಬಿದ್ದು ಬೆನ್ನುಮೂಳೆಗೆ ಪೆಟ್ಟಾದವರು, ಫಾಲಿಜ್ ಅಂದರೆ ಪಾರ್ಶ್ವವಾಯು ಬಡಿದವರು ಚಿಕಿತ್ಸೆಗೆ ಬಂದಾಗ ನಾನು ಮೊದಲು ಕೇಳುವುದು, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು. ವೀಲ್‌ಚೇರ್‌ನಲ್ಲಿರುವ ಅನೇಕರು ಬೇಕೆಂದೇ ಕಡಿಮೆ ಕುಡಿಯುತ್ತಾರೆ. ಬಾಯಾರಿಕೆ ಇಲ್ಲವೆಂದಲ್ಲ. ಸಣ್ಣ ಊರುಗಳ ಬಸ್ ನಿಲ್ದಾಣದಲ್ಲಾಗಲಿ, ಮದುವೆ ಹಾಲ್‌ನಲ್ಲಾಗಲಿ, ಮಸೀದಿಯಲ್ಲಾಗಲಿ ಅವರ ಕುರ್ಚಿ ಒಳಹೋಗುವ ಶೌಚಾಲಯ ಸಿಗುವುದು ಅಪರೂಪ. ಜುಮಾ ದಿನ ಬೆಳಗ್ಗಿನಿಂದ ನೀರು ಮುಟ್ಟದವರಿದ್ದಾರೆ. ಇದರ ಫಲ ಮೂತ್ರದ ಸೋಂಕು, ಕಲ್ಲು, ಮಲಬದ್ಧತೆ.

ಯೂನಾನಿಯಲ್ಲಿ ಆರೋಗ್ಯಕ್ಕೆ ಆರು ಅನಿವಾರ್ಯ ಆಧಾರಗಳಿವೆ. ಗಾಳಿ, ಅನ್ನಪಾನ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ವಿಸರ್ಜನೆ ಮತ್ತು ಧಾರಣ. ಬಾಗಿಲಲ್ಲಿ ಮೂರು ಮೆಟ್ಟಿಲಿದ್ದರೆ ಇವುಗಳಲ್ಲಿ ಎಷ್ಟು ಕೆಡುತ್ತವೆ, ನೀವೇ ಎಣಿಸಿ. ಮನೆಯಲ್ಲೇ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತವರಿಗೆ ಪೃಷ್ಠದಲ್ಲಿ ಒತ್ತಡದ ಹುಣ್ಣಾಗುತ್ತದೆ. ಸ್ಪರ್ಶಜ್ಞಾನ ಇಲ್ಲದವರಿಗೆ ಅದು ಗೊತ್ತೇ ಆಗುವುದಿಲ್ಲ. ಬೆರಳಿನಿಂದ ಒತ್ತಿದರೂ ಮಾಸದ ಕೆಂಪು ಕಂಡರೆ ಆ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಮಾಲಿಶ್ ನಮ್ಮ ಪದ್ಧತಿಯ ಚಿಕಿತ್ಸೆಯೇ, ಆದರೆ ಅಲ್ಲಿಗಲ್ಲ. ಭಾರ ಇಳಿಸಿ, ಬೇಗ ವೈದ್ಯರಿಗೆ ತೋರಿಸಿ.

ಈಗ ಕಟ್ಟಡದ ಮಾತು. 'ನಮ್ಮಲ್ಲಿ ರ‍್ಯಾಂಪ್ ಇದೆ' ಎನ್ನುವ ಕಡೆಗಳಲ್ಲಿ ನೋಡಿದರೆ ಅದು ಸ್ಕೂಟರ್ ಹತ್ತಿಸಲು ಮಾಡಿದ ಕಡಿದಾದ ಇಳಿಜಾರು, ಮೇಲೆ ನುಣುಪು ಗ್ರಾನೈಟ್. ಒಂದು ಅಡಿ ಎತ್ತರಕ್ಕೆ ಕನಿಷ್ಠ ಹನ್ನೆರಡು ಅಡಿ ಉದ್ದದ ರ‍್ಯಾಂಪ್ ಬೇಕು. ಆರಾರು ಇಂಚಿನ ಮೂರು ಮೆಟ್ಟಿಲಿಗೆ ಹದಿನೆಂಟು ಅಡಿ! ಜಾಗ ಸಾಲದಿದ್ದರೆ ಮಧ್ಯೆ ಸಮತಟ್ಟು ಬಿಟ್ಟು ತಿರುಗಿಸಬಹುದು. ಅಗಲ ನಾಲ್ಕು ಅಡಿ, ನೆಲ ಒರಟು, ಎರಡೂ ಬದಿ ಹಿಡಿಕೆ. ಶೌಚಾಲಯದ ಬಾಗಿಲು ತೆರೆದಾಗ ಮೂರು ಅಡಿ ದಾರಿ ಸಿಗಬೇಕು, ಬಾಗಿಲು ಹೊರಕ್ಕೆ ತೆರೆಯಬೇಕು. ಒಳಗೆ ಕುಳಿತುಕೊಳ್ಳುವ ಕಮೋಡ್, ಗೋಡೆಗೆ ಗಟ್ಟಿ ಹಿಡಿಕೆ. ವುಝೂ ಮಾಡುವಲ್ಲಿ ಒಂದು ನಲ್ಲಿಯ ಮುಂದಿನ ಕಲ್ಲಿನ ಆಸನ ತೆಗೆದರೆ ಕುರ್ಚಿ ಹತ್ತಿರ ಬರುತ್ತದೆ. ಇದಕ್ಕೆ ದೊಡ್ಡ ಖರ್ಚೇನಿಲ್ಲ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಕಟ್ಟಡ ಎನ್ನುವಾಗ ಧಾರ್ಮಿಕ ಬಳಕೆಯ ಕಟ್ಟಡಗಳನ್ನೂ ಸೇರಿಸಿದೆ. ನಿಂತು ನಮಾಝ್ ಮಾಡಲಾಗದವರಿಗೆ ಕುಳಿತು, ಅದೂ ಆಗದಿದ್ದರೆ ಮಲಗಿ ಮಾಡುವ ಅನುಮತಿಯನ್ನು ಪ್ರವಾದಿಯವರು(ಸ) ಕೊಟ್ಟಿದ್ದಾರೆ. ಅನುಮತಿ ಇದ್ದೂ ಬಾಗಿಲು ದಾಟಲಾಗದ ಸ್ಥಿತಿ ನಾವು ಮಾಡಿಟ್ಟದ್ದು.

ಚಕ್ರದ ಕೊಳೆ ಒಳಬರುತ್ತದೆ ಎಂಬ ಆಕ್ಷೇಪವೂ ಕೇಳಿಬರುತ್ತದೆ. ಬಾಗಿಲ ಬಳಿ ಒದ್ದೆ ಬಟ್ಟೆ ಇಡಿ, ಚಕ್ರ ಒರೆಸಿಕೊಂಡು ಬರಲಿ. ಸಂಶಯ ಉಳಿದರೆ ಖತೀಬರನ್ನು ಕೇಳಿ. ನಿಮ್ಮ ಕಮಿಟಿ ಈ ವರ್ಷ ದುರಸ್ತಿಗೆ ಕೈ ಹಾಕುವುದಾದರೆ, ಸಿಮೆಂಟ್ ಹಾಕುವ ಮೊದಲೇ ಊರಿನಲ್ಲಿ ವೀಲ್‌ಚೇರ್ ಬಳಸುವ ಒಬ್ಬರನ್ನು ಕರೆದು ಜಾಗ ತೋರಿಸಿ, ಅಳತೆಯನ್ನು ಅವರೇ ಹೇಳಲಿ.