ಆಟದ ಬಯಲಿಗೆ ಹೊಸ ಗಡಿ

1935ರಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಬಡ ಬಾಲಕನೊಬ್ಬನು ಹೈಸ್ಕೂಲು ವಿದ್ಯಾಭ್ಯಾಸಕ್ಕಾಗಿ ಬೆಂಗಳೂರಿಗೆ ಹೊರಟನು. ಕೈಯಲ್ಲಿ ಹಣವಿಲ್ಲದ್ದರಿಂದ ಎರಡು ದಿನ ನಡೆದೇ ನಗರವನ್ನು ಸೇರಿದನು. ಆ ಬಾಲಕನೇ ಮುಂದೆ 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು.

ಈಗ ಗೌರಿಬಿದನೂರು, ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ನಾಲ್ಕರಲ್ಲಿಯೂ ಕಾಲೇಜುಗಳಿವೆ. ಪದವಿಗಾಗಿ ಯಾರೂ ಕಾಲು ಸವೆಸಬೇಕಾಗಿಲ್ಲ. ಆದರೆ ಆಟದಲ್ಲಿ ಹೆಸರು ಪಡೆಯಬೇಕೆನ್ನುವ ಹುಡುಗ ಹುಡುಗಿಯರ ಪಾಲಿಗೆ ಆ ಹಳೆಯ ದೂರ ಇನ್ನೂ ಪೂರ್ತಿಯಾಗಿ ಅಳಿದಿಲ್ಲ.

ಕಾಲೇಜಿನ ಆಟಗಾರನು ಏರಬೇಕಾದ ಮೆಟ್ಟಿಲುಗಳು ಗೊತ್ತಾದ ಕ್ರಮದಲ್ಲಿವೆ. ಮೊದಲು ಕಾಲೇಜಿನ ತಂಡ. ಅದರ ಮೇಲೆ ಒಂದೇ ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಲೇಜುಗಳ ಪಂದ್ಯಾವಳಿ. ಅಲ್ಲಿ ಮೆರೆದವರಿಂದ ವಿಶ್ವವಿದ್ಯಾನಿಲಯದ ತಂಡವನ್ನು ಆರಿಸುತ್ತಾರೆ. ಆ ತಂಡ ಕಬಡ್ಡಿಯಂಥ ಆಟಗಳಲ್ಲಿ ದಕ್ಷಿಣ ವಲಯದ ಕೂಟಕ್ಕೂ, ಅಲ್ಲಿ ಗೆದ್ದು ಬಂದರೆ ಅಖಿಲ ಭಾರತ ಕೂಟಕ್ಕೂ ಹೋಗುತ್ತದೆ. ಆ ಮೇಲಿನ ಮೆಟ್ಟಿಲಿನ ಪ್ರಮಾಣಪತ್ರ ಬರಿಯ ಗೋಡೆಯ ಅಲಂಕಾರವಲ್ಲ. ರೈಲ್ವೆ ಮೊದಲಾದ ಇಲಾಖೆಗಳಲ್ಲಿ ಕ್ರೀಡಾಪಟುಗಳಿಗೆಂದು ತೆಗೆದಿರಿಸಿದ ಕೆಲಸಗಳಿಗೆ ಅದೊಂದು ಬಲವಾದ ಆಧಾರ. ಆದುದರಿಂದ ಯಾವ ಕಾಲೇಜು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆ ಎಂಬುದು ಕಚೇರಿಯ ಕಾಗದದ ಮಾತಾಗಿ ಉಳಿಯುವುದಿಲ್ಲ. ಎದುರಾಳಿ ಯಾರು, ಆಯ್ಕೆ ಎಲ್ಲಿ ಎಂಬುದೆಲ್ಲ ಅದರಿಂದಲೇ ನಿರ್ಣಯವಾಗುತ್ತದೆ.

ಮೂರು ಬಾರಿ ಎಳೆದ ಗೆರೆ

ಈ ಗೆರೆ ಹಲವು ಸಲ ಬದಲಾಗಿದೆ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯವರಾದ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಬೇರೆಯಾಯಿತು. ಕಾಲಕ್ರಮದಲ್ಲಿ ಕೋಲಾರ, ತುಮಕೂರು ಜಿಲ್ಲೆಗಳ ಕಾಲೇಜುಗಳೂ ಅದರ ತೆಕ್ಕೆಗೆ ಬಂದುವು. 2004ರಲ್ಲಿ ತುಮಕೂರಿಗೆ ತನ್ನದೇ ವಿಶ್ವವಿದ್ಯಾನಿಲಯವಾಯಿತು. ಇಷ್ಟಾದರೂ ಬೆಂಗಳೂರಿನ ಸಂಸಾರ ಬೆಳೆಯುತ್ತಲೇ ಹೋಗಿ, ಆರುನೂರಕ್ಕೂ ಮೇಲ್ಪಟ್ಟ ಕಾಲೇಜುಗಳು ಒಂದೇ ಸೂರಿನಡಿ ಸೇರಿದುವು. ಅಷ್ಟನ್ನು ಒಂದೆಡೆಯಿಂದ ಸಂಬಾಳಿಸುವುದು ಕಷ್ಟವೆನಿಸಿ, 2017ರಲ್ಲಿ ಅದನ್ನು ಮೂರಾಗಿ ಪಾಲು ಮಾಡಿದರು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳು ಕೋಲಾರದ ಟಮಕದಲ್ಲಿ ನೆಲೆಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ಪಾಲಿಗೆ ಬಂದುವು.

ಇದರಿಂದ ಆಟಗಾರರಿಗೆ ಲಾಭವೆ, ನಷ್ಟವೆ?

ಲಾಭವನ್ನು ಬೆರಳೆಣಿಕೆಯಲ್ಲಿಯೇ ತೋರಿಸಬಹುದು. ಕಬಡ್ಡಿಯ ತಂಡದಲ್ಲಿ ಹನ್ನೆರಡು ಮಂದಿ. ಮೊದಲು ಈ ಸೀಮೆಯೆಲ್ಲಕ್ಕೂ ಸೇರಿ ವಿಶ್ವವಿದ್ಯಾನಿಲಯದ ತಂಡ ಒಂದೇ. ಅಂದರೆ ಹನ್ನೆರಡೇ ಸ್ಥಾನ. ವಿಶ್ವವಿದ್ಯಾನಿಲಯ ಮೂರಾದೊಡನೆ ಸ್ಥಾನಗಳೂ ಮೂವತ್ತಾರಾದುವು. ಹೆಣ್ಣುಮಕ್ಕಳ ತಂಡಕ್ಕೂ ಇದೇ ಲೆಕ್ಕ. ಬೆಂಗಳೂರಿನ ದೊಡ್ಡ ಕಾಲೇಜುಗಳ ಆಟಗಾರರ ಸಾಲಿನಲ್ಲಿ ಎಲ್ಲೋ ಹಿಂದೆ ಉಳಿಯುತ್ತಿದ್ದ ಶಿಡ್ಲಘಟ್ಟದ ಹುಡುಗಿಗೆ ಬಾಗಿಲು ಇಷ್ಟಾದರೂ ಅಗಲವಾಯಿತು.

ಆದರೆ ಹಿಗ್ಗುವ ಮೊದಲು ಎರಡು ಮಾತನ್ನು ನೆನೆಯಬೇಕು. ಒಂದು, ಹೊಸ ವಿಶ್ವವಿದ್ಯಾನಿಲಯ ಹಳ್ಳಿಗಾಡಿನದೇ ಅಲ್ಲ. ಬೆಂಗಳೂರಿನ ಉತ್ತರ, ಪೂರ್ವ ಭಾಗಗಳ ಕಾಲೇಜುಗಳೂ ಅದರೊಳಗಿವೆ. ಒಳ್ಳೆಯ ಆಟಗಾರನಿಗೆ ಶುಲ್ಕದಲ್ಲಿ ರಿಯಾಯಿತಿ ಕೊಟ್ಟು ಕರೆದುಕೊಳ್ಳುವ ಶಕ್ತಿ ನಗರದ ಸಂಸ್ಥೆಗಳಿಗುಂಟು. ತಾಲ್ಲೂಕಿನ ಸರ್ಕಾರಿ ಕಾಲೇಜಿಗೆಲ್ಲಿಂದ ಬರಬೇಕು? ಎರಡು, ದೂರ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ ಕಡಿಮೆಯಾಗಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಮೂರೂ ಕೋಲಾರದಿಂದ ಯಲಹಂಕಕ್ಕೆ ಹೋಗುವ ರೈಲುಮಾರ್ಗದ ಮೇಲಿವೆ. 2013ರಲ್ಲಿ ಆ ಮಾರ್ಗ ಪೂರ್ತಿಯಾಗಿ ಬ್ರಾಡ್‌ಗೇಜಾಯಿತು. ಗೌರಿಬಿದನೂರು ಇರುವುದಾದರೋ ಬೆಂಗಳೂರಿನಿಂದ ಹಿಂದೂಪುರದತ್ತ ಸಾಗುವ ಬೇರೊಂದು ಮಾರ್ಗದಲ್ಲಿ. ಅಲ್ಲಿನವರಿಗೆ ಬೆಂಗಳೂರೇ ಹತ್ತಿರ; ಕೋಲಾರವೆಂದರೆ ಜಿಲ್ಲೆಯನ್ನೇ ಅಡ್ಡಹಾಯುವ ಪ್ರಯಾಣ. ಕಾಗದದ ಮೇಲೆ ಹತ್ತಿರ ಬಂದ ವಿಶ್ವವಿದ್ಯಾನಿಲಯ ಗೌರಿಬಿದನೂರಿನ ಪಾಲಿಗೆ ದೂರ ಸರಿದಂತಾಯಿತು.

ಅಮೆರಿಕದಲ್ಲಿ ಆದದ್ದು

ಗೆರೆ ಬದಲಾದಾಗ ಚಿಕ್ಕವರಿಗೆ ಒದಗುವ ಇಕ್ಕಟ್ಟು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ವಿಶ್ವವಿದ್ಯಾನಿಲಯಗಳು ಆಟಕ್ಕಾಗಿ ಕೂಟಗಳನ್ನು ಕಟ್ಟಿಕೊಂಡಿವೆ. ಪಶ್ಚಿಮ ಕರಾವಳಿಯ ‘ಪ್ಯಾಕ್-12’ ಎಂಬ ಹಳೆಯ ಕೂಟದಲ್ಲಿ ಹನ್ನೆರಡು ಸಂಸ್ಥೆಗಳಿದ್ದುವು. ದೂರದರ್ಶನದ ಹಣದ ಸೆಳೆತಕ್ಕೆ ಸಿಕ್ಕಿ 2024ರಲ್ಲಿ ಹತ್ತು ಸಂಸ್ಥೆಗಳು ಬೇರೆ ಕೂಟಗಳನ್ನು ಸೇರಿದುವು. ಪರಿಣಾಮವಾಗಿ, ಲಾಸ್ ಏಂಜಲೀಸಿನ ವಿದ್ಯಾರ್ಥಿಗಳು ಅಟ್ಲಾಂಟಿಕ್ ತೀರದ ನ್ಯೂಜೆರ್ಸಿಯವರೊಡನೆ ಒಂದೇ ಕೂಟದಲ್ಲಿ ಆಡಬೇಕಾಯಿತು! ಹಿಂದೆ ಉಳಿದವು ಎರಡೇ: ಆರೆಗಾನ್ ಸ್ಟೇಟ್ ಮತ್ತು ವಾಷಿಂಗ್ಟನ್ ಸ್ಟೇಟ್. ಅವು ಅಳುತ್ತ ಕೂಡಲಿಲ್ಲ. ನೆರೆಯ ‘ಮೌಂಟನ್ ವೆಸ್ಟ್’ ಕೂಟದ ಸಂಸ್ಥೆಗಳೊಡನೆ ಒಪ್ಪಂದ ಮಾಡಿಕೊಂಡು ಆ ವರ್ಷದ ಫುಟ್‌ಬಾಲ್ ಪಂದ್ಯಗಳನ್ನು ಗೊತ್ತುಪಡಿಸಿಕೊಂಡುವು; ಇತರ ಹಲವು ಆಟಗಳಿಗೆ ಮತ್ತೊಂದು ಕೂಟದ ಆಸರೆ ಪಡೆದುವು.

ಅಲ್ಲಿ ಗೆರೆ ಅಳಿಸಿದ್ದು ಹಣ. ಇಲ್ಲಿ ಆಡಳಿತದ ಅನುಕೂಲ. ಕಾರಣ ಬೇರೆಯಾದರೂ ಪಾಠ ಒಂದೇ: ದೊಡ್ಡವರು ಕರೆಯಲೆಂದು ಕಾಯುವ ಬದಲು, ಚಿಕ್ಕವರು ನೆರೆಯವರೊಡನೆ ಕೂಡಿ ಆಡಬೇಕು.

ನಾಲ್ಕು ಊರು, ಆರು ಪಂದ್ಯ

ಇದಕ್ಕೆ ಬೇಕಾದ ನೆಲ ಇಲ್ಲಿಯೇ ಇದೆ. ಚಿಕ್ಕಬಳ್ಳಾಪುರದಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಜಿಲ್ಲಾ ಕ್ರೀಡಾಂಗಣ, ಶಿಡ್ಲಘಟ್ಟದಲ್ಲಿ ನೆಹರೂ ಕ್ರೀಡಾಂಗಣ, ಚಿಂತಾಮಣಿಯಲ್ಲಿ ಝಾನ್ಸಿ ಮೈದಾನ, ಗೌರಿಬಿದನೂರಿನಲ್ಲಿ ನೇತಾಜಿ ಕ್ರೀಡಾಂಗಣ. ನಾಲ್ಕು ಊರಿನ ಕಾಲೇಜುಗಳು ತಲಾ ಒಂದು ತಂಡ ಕಟ್ಟಿ, ಪ್ರತಿಯೊಂದೂ ಉಳಿದ ಮೂರರೊಡನೆ ಆಡಿದರೆ ಒಟ್ಟು ಆರೇ ಪಂದ್ಯ. ಸೋತವರು ಹೊರನಡೆಯುವ ಪಂದ್ಯಾವಳಿಯಲ್ಲಿ, ಬಸ್ಸಿಗೆ ಹಣ ತೆತ್ತು ಹೋದ ಚಿಕ್ಕ ತಂಡ ಅರ್ಧ ಗಂಟೆ ಆಡಿ ಹಿಂದಿರುಗುವುದುಂಟು. ಇಲ್ಲಿ ಸೋತವರಿಗೂ ಮೂರು ಪಂದ್ಯದ ಅನುಭವ ದಕ್ಕುತ್ತದೆ. ವಿಶ್ವವಿದ್ಯಾನಿಲಯದ ಆಯ್ಕೆಗೆ ಹೋಗುವಾಗ ಆ ಅನುಭವವೇ ಬುತ್ತಿ.

ಎಲ್ಲ ಆಟಗಳಿಗೂ ಕೈಹಾಕಬೇಕಾದುದೂ ಇಲ್ಲ. ಕಬಡ್ಡಿ, ಖೋ ಖೋ, ಗುಡ್ಡಗಾಡು ಓಟ — ಇವಕ್ಕೆ ಬೇಕಾದುದು ನೆಲ, ಉಸಿರು ಮತ್ತು ಕಲಿಸುವವರು. ನಂದಿಯ ತಪ್ಪಲಿನ ಹುಡುಗರಿಗೆ ಏರುದಾರಿ ಹೊಸದಲ್ಲ. ದೈಹಿಕ ಶಿಕ್ಷಣ ನಿರ್ದೇಶಕರಿಲ್ಲದ ಕಾಲೇಜು ನೆರೆಯ ಊರಿನ ನಿರ್ದೇಶಕರನ್ನು ವಾರಕ್ಕೊಂದು ದಿನ ಕರೆಸಿಕೊಳ್ಳಬಹುದು. ಇನ್ನು ವಿಶ್ವವಿದ್ಯಾನಿಲಯವನ್ನು ಕೇಳಬೇಕಾದುದು ಒಂದೇ: ಅಂತರಕಾಲೇಜು ಪಂದ್ಯಾವಳಿಗಳು ವರ್ಷಕ್ಕೊಂದು ಊರಿನಲ್ಲಿ ಸರದಿಯ ಮೇಲೆ ನಡೆಯಲಿ. ಗೌರಿಬಿದನೂರಿಗೂ ಸರದಿ ಬಂದರೆ, ದೂರದ ಕಷ್ಟವನ್ನು ಎಲ್ಲರೂ ಹಂಚಿಕೊಂಡಂತಾಗುತ್ತದೆ.

ದೂರದ ಈ ಮಾತು ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದುದು. ರೇಷ್ಮೆಹುಳು ಸಾಕುವ ಮನೆಯ ಮಗಳು ಬೆಳಿಗ್ಗೆ ಹುಳುವಿಗೆ ಸೊಪ್ಪು ಹಾಕಿ ಕಾಲೇಜಿಗೆ ಬರುತ್ತಾಳೆ. “ಆಟ ಮುಗಿಸಿ ಎಷ್ಟು ಹೊತ್ತಿಗೆ ಬರ್ತೀಯಮ್ಮಾ?” ಎಂದು ತಾಯಿ ಕೇಳಿದರೆ, ಆಕೆಯ ಉತ್ತರದ ಮೇಲೆಯೇ ಆ ವರ್ಷದ ಆಟ ನಿಂತಿರುತ್ತದೆ. ಪಂದ್ಯ ಪಕ್ಕದ ಊರಿನಲ್ಲಾದರೆ “ದೀಪ ಹಚ್ಚುವುದರೊಳಗೆ ಬರ್ತೀನಮ್ಮಾ” ಎನ್ನಬಲ್ಲಳು. ನೂರು ಕಿಲೋಮೀಟರು ಆಚೆಯಾದರೆ ಆ ಮಾತು ಹೇಳಲಾರಳು. ಎಷ್ಟೋ ಮನೆಗಳಲ್ಲಿ ಆಟ ಅಲ್ಲಿಗೇ ಮುಗಿಯುತ್ತದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಕುಣಿಯಬಲ್ಲವಳಿಗೆ ನೆಲವೇ ಡೊಂಕಾಗಿದ್ದರೆ ಅದನ್ನು ಸರಿಪಡಿಸುವುದು ಹಿರಿಯರ ಹೊಣೆ. ಗೆರೆಯನ್ನು ಎಳೆಯುವುದು ಸರ್ಕಾರದ ಕೈಯಲ್ಲಿದೆ. ಗೆರೆಯ ಒಳಗೆ ಮಕ್ಕಳು ಆಡುವಂತೆ ಮಾಡುವುದು ಈ ನಾಲ್ಕು ಊರುಗಳ ಕೈಯಲ್ಲಿದೆ.