ಪೇಟೆಯಲ್ಲಿ ಫೋನಿನಿಂದ ಹಣ ಸಲ್ಲಿಕೆ

ರೋಣ, ನರಗುಂದ, ಗಜೇಂದ್ರಗಡಗಳ ಪೇಟೆಗಳಲ್ಲಿ ಕಡಲೆ, ಉಳ್ಳಾಗಡ್ಡಿ ಮಾರಿದ ಒಕ್ಕಲಿಗನು ನಗದನ್ನೇ ಕೇಳಿದರೆ ಅದು ಬರಿಯ ಹಟವಲ್ಲ. ಫೋನನ್ನು ಯಂತ್ರದ ಸಮೀಪ ಹಿಡಿದು ಹಣ ಸಲ್ಲಿಸಲು ಎರಡರಲ್ಲಿಯೂ ಎನ್‌ಎಫ್‌ಸಿ ಎಂಬ ಭಾಗವಿರಬೇಕು. ಅಗ್ಗದ ಫೋನುಗಳಲ್ಲಿ ಸಾಮಾನ್ಯವಾಗಿ ಅದಿರುವುದಿಲ್ಲ. 2016ರಲ್ಲಿ ಆರಂಭವಾದ ಯು.ಪಿ.ಐ. ಕ್ರಮಕ್ಕಾದರೋ ಅಚ್ಚು ಹಾಕಿದ ಕ್ಯೂಆರ್ ಚೀಟಿಯೊಂದೇ ಸಾಕು. ಬಟನ್ ಫೋನುಳ್ಳವರಿಗೆ 2022ರಲ್ಲಿ ಬಂದ 123ಪೇ ಕ್ರಮವುಂಟು. ಅದಕ್ಕೆ ಇಂಟರ್ನೆಟ್ ಬೇಡ.

ಉಳಿದುದು ಮೋಸದ ಅಂಜಿಕೆ, ಅದು ನಿರಾಧಾರವಲ್ಲ. ಹಣ ಪಡೆಯುವವನು ಗುಪ್ತ ಸಂಖ್ಯೆಯನ್ನು ಒತ್ತಬೇಕಾದುದೇ ಇಲ್ಲ; ಒತ್ತಿದರೆ ಹಣವು ಅವನ ಖಾತೆಯಿಂದಲೇ ಹೋಗುವುದು. ಕೊಂಡವನು ತನ್ನ ಫೋನಿನಲ್ಲಿ ತೋರಿಸುವ ಚಿತ್ರವನ್ನು ನಂಬಲಾಗದು. ಖಾತೆಯಲ್ಲಿ ಹಣ ಜಮೆಯಾದುದನ್ನು ನೋಡಿದ ಮೇಲೆಯೇ ಚೀಲಗಳನ್ನು ಗಾಡಿಗೇರಿಸಗೊಡಬೇಕು. ಮೋಸವಾದರೆ ತಡಮಾಡದೆ 1930 ಸಂಖ್ಯೆಗೆ ತಿಳಿಸತಕ್ಕದ್ದು.