ಗೋಡೆಯಲ್ಲಿ ಬೆರೆತ ದುಡಿಮೆಗೆ ಕಾನೂನಿನ ಕಾವಲು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯು ಮನೆ ಕಟ್ಟಿಸುವವನ ಬವಣೆಯನ್ನು ಹೇಳುತ್ತದೆ. ಕಟ್ಟಿಕೊಟ್ಟವನ ಬವಣೆಯನ್ನು ಹೇಳುವ ಗಾದೆಯನ್ನು ನಾವು ಕೇಳಿಲ್ಲ. ನಮ್ಮ ಪರಿಚಯದ ಗುತ್ತಿಗೆದಾರರೊಬ್ಬರು ಮನೆಯೊಂದನ್ನು ಮುಗಿಸಿ, ಗೃಹಪ್ರವೇಶದ ಊಟವನ್ನೂ ಉಂಡು ಬಂದರು. ಕೊನೆಯ ಕಂತಿನ ಹಣ ಮಾತ್ರ ಬರಲಿಲ್ಲ. ಗಾರೆಯವರ ಕೂಲಿಯನ್ನು ತೀರಿಸಲು ಮಡದಿಯ ಬಳೆಗಳನ್ನು ಅಡವಿಡಬೇಕಾಯಿತು. ಗೋಡೆಗೆ ಸೇರಿದ ಇಟ್ಟಿಗೆಯನ್ನು ಮರಳಿ ಕೀಳಲಾದೀತೆ? ಈ ಪ್ರಶ್ನೆಗೆ ಅಮೆರಿಕ ದೇಶದ ಕಾನೂನು ಕಂಡುಕೊಂಡ ಉತ್ತರವು ವಿಚಾರಾರ್ಹವಾಗಿದೆ.

1791ರಲ್ಲಿ ಆ ದೇಶವು ವಾಷಿಂಗ್ಟನ್ ಎಂಬ ಹೊಸ ರಾಜಧಾನಿಯನ್ನು ಕಟ್ಟಲು ಹೊರಟಿತ್ತು. ಹಣದ ಭರವಸೆಯಿಲ್ಲದೆ ಕುಶಲಕರ್ಮಿಗಳು ಮುಂದೆ ಬಾರರೆಂಬುದನ್ನು ಅರಿತ ಥಾಮಸ್ ಜೆಫರ್ಸನ್, ಜೇಮ್ಸ್ ಮ್ಯಾಡಿಸನ್ ಮೊದಲಾದವರ ಒತ್ತಾಸೆಯಿಂದ ಮೇರಿಲ್ಯಾಂಡ್ ರಾಜ್ಯದ ಶಾಸನಸಭೆಯು ಅದೇ ವರ್ಷ ಒಂದು ಕಾನೂನನ್ನು ರಚಿಸಿತು. ‘ಮೆಕ್ಯಾನಿಕ್ಸ್ ಲಿಯನ್’ ಎಂದು ಹೆಸರಾದ ಈ ಹಕ್ಕು ಇಂದು ಅಲ್ಲಿಯ ಎಲ್ಲ ರಾಜ್ಯಗಳಲ್ಲಿಯೂ ಒಂದಿಲ್ಲೊಂದು ರೂಪದಲ್ಲಿದೆ. ಕಟ್ಟಡಕ್ಕೆ ದುಡಿಮೆಯನ್ನಾಗಲಿ ಸಾಮಗ್ರಿಯನ್ನಾಗಲಿ ಒದಗಿಸಿದವನ ಬಾಕಿಯು ಆ ಆಸ್ತಿಯ ಮೇಲೆಯೇ ಋಣಭಾರವಾಗಿ ಕೂಡುವುದು ಇದರ ತಿರುಳು. ಆ ಋಣವನ್ನು ತೀರಿಸದೆ ಆಸ್ತಿಯನ್ನು ಮಾರುವುದು, ಅದರ ಮೇಲೆ ಸಾಲ ಪಡೆಯುವುದು ದುಸ್ತರ. ಕಡೆಗೆ ನ್ಯಾಯಾಲಯವು ಆಸ್ತಿಯನ್ನು ಮಾರಾಟಕ್ಕಿಡಿಸಿ ಬಾಕಿಯನ್ನು ಕೊಡಿಸಬಹುದು.

ಆದರೆ ಎಚ್ಚರವಿಲ್ಲದವನಿಗೆ ಈ ಹಕ್ಕು ದಕ್ಕದು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯದ ಸಂವಿಧಾನವೇ ಇದಕ್ಕೆ ಸ್ಥಾನ ಕೊಟ್ಟಿದ್ದರೂ ದಿನಗಣನೆ ಕಠಿಣವಾಗಿದೆ. ಉಪಗುತ್ತಿಗೆದಾರನೂ ಸಾಮಗ್ರಿ ಪೂರೈಸುವವನೂ ಕೆಲಸಕ್ಕೆ ತೊಡಗಿದ 20 ದಿನಗಳೊಳಗೆ ಮಾಲೀಕನಿಗೆ ಮುನ್ಸೂಚನಾ ಪತ್ರವನ್ನು ಕಳಿಸಬೇಕು. ಕಾಮಗಾರಿ ಮುಗಿದ 90 ದಿನಗಳೊಳಗೆ ತನ್ನ ಹಕ್ಕನ್ನು ಕೌಂಟಿಯ ದಾಖಲೆ ಕಚೇರಿಯಲ್ಲಿ ನೋಂದಾಯಿಸಬೇಕು. ಕೆಲಸ ಮುಗಿಯಿತೆಂದು ಮಾಲೀಕನೇ ಮೊದಲು ದಾಖಲಿಸಿದರೆ ಈ ಅವಧಿಯು ಮುಖ್ಯ ಗುತ್ತಿಗೆದಾರನಿಗೆ 60, ಉಳಿದವರಿಗೆ 30 ದಿನಗಳಿಗೆ ಇಳಿಯುತ್ತದೆ. ನೋಂದಣಿಯಾದ 90 ದಿನಗಳೊಳಗೆ ದಾವೆ ಹೂಡದಿದ್ದರೆ ಎಲ್ಲವೂ ನಿಷ್ಫಲ. ಸರ್ಕಾರಿ ಕಟ್ಟಡಗಳನ್ನು ಹೀಗೆ ಹರಾಜಿಗೆ ಎಳೆಯಲಾಗದು. ಆದ್ದರಿಂದ ಕೇಂದ್ರ ಸರ್ಕಾರದ ದೊಡ್ಡ ಕಾಮಗಾರಿಗಳಲ್ಲಿ ಉಪಗುತ್ತಿಗೆದಾರರ ಹಣಕ್ಕೆ ಭದ್ರತಾ ಪತ್ರವನ್ನು ಒದಗಿಸಬೇಕೆಂದು 1935ರ ಮಿಲ್ಲರ್ ಕಾಯಿದೆಯು ವಿಧಿಸಿತು.

ನಮ್ಮ ಎಷ್ಟೋ ಮನೆಗಳ ಮಕ್ಕಳು ಇಂದು ಆ ದೇಶದಲ್ಲಿ ಮನೆ ಮಾಡಿಕೊಂಡಿದ್ದಾರೆ. ಅವರು ತಿಳಿಯಬೇಕಾದುದೊಂದಿದೆ. ಮುಖ್ಯ ಗುತ್ತಿಗೆದಾರನಿಗೆ ಹಣವನ್ನೆಲ್ಲ ಕೊಟ್ಟಿದ್ದರೂ, ಅವನು ಬಡಗಿಗೋ ಮರದ ವ್ಯಾಪಾರಿಗೋ ಕೊಡದೆ ಉಳಿಸಿಕೊಂಡರೆ ಬಾಕಿಯ ಭಾರ ಮನೆಯ ಮೇಲೆ ಬೀಳಬಹುದು. ಆದಕಾರಣ ಪ್ರತಿ ಕಂತಿನೊಡನೆ ಅವರೆಲ್ಲರಿಂದ ಹಕ್ಕುಬಿಡುಗಡೆ ಪತ್ರವನ್ನು ಪಡೆಯುವುದು ವಿವೇಕ.

ಇನ್ನು ನಮ್ಮ ನಾಡಿನ ಮಾತು. 1872ರ ಭಾರತೀಯ ಕರಾರು ಕಾಯಿದೆಯ 170ನೆಯ ಪ್ರಕರಣದಂತೆ, ವಜ್ರಕ್ಕೆ ಸಾಣೆ ಹಿಡಿದವನು ತನ್ನ ಕೂಲಿ ಬರುವವರೆಗೆ ಆ ವಜ್ರವನ್ನು ತನ್ನಲ್ಲಿಯೇ ಇರಿಸಿಕೊಳ್ಳಬಹುದು. ಇದು ಕೈಗೆ ಒಪ್ಪಿಸಿದ ಸರಕಿಗೆ ಸಲ್ಲುವ ನಿಯಮ. ನೆಲಕ್ಕೆ ನಿಂತ ಮನೆಗೆ ಸಲ್ಲದು. ಅಮೆರಿಕದಂತಹ ಲಿಯನ್ ಕಾನೂನು ನಮ್ಮಲ್ಲಿಲ್ಲ. ಆದ್ದರಿಂದ ಇಲ್ಲಿಯ ಗುತ್ತಿಗೆದಾರನಿಗೆ ಕಾಗದವೇ ಕಾವಲು. ಪಾಯ, ಲಿಂಟಲ್, ತಾರಸಿ, ಗಿಲಾವು ಎಂದು ಹಂತಹಂತವಾಗಿ ಹಣ ಸಲ್ಲಬೇಕೆಂಬ ಲಿಖಿತ ಕರಾರು ಇರಲಿ. ಹೆಚ್ಚುವರಿ ಕೆಲಸಕ್ಕೆ ಕೈಹಾಕುವ ಮುನ್ನ ಮಾಲೀಕರ ಸಹಿ ಇರಲಿ. ಅಳತೆಯನ್ನು ಇಬ್ಬರೂ ಕೂಡಿ ಬರೆದಿಡಲಿ. ಕೆಲಸದ ಬಾಕಿಗೆ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆಯು ಮೂರು ವರ್ಷಗಳನ್ನು ಮಾತ್ರ ಕೊಟ್ಟಿದೆ. ಆ ಅವಧಿ ತೀರುವ ಮುನ್ನ ಬಾಕಿಯನ್ನು ಒಪ್ಪಿ ಮಾಲೀಕರು ಸಹಿ ಮಾಡಿಕೊಟ್ಟರೆ ಗಣನೆ ಹೊಸದಾಗಿ ಮೊದಲಾಗುತ್ತದೆ. ‘ನಮ್ಮವರೇ, ಬರೆಸಿಕೊಳ್ಳುವುದು ಹೇಗೆ?’ ಎಂಬ ಸಂಕೋಚವೇ ಮೇಲೆ ಹೇಳಿದ ಗುತ್ತಿಗೆದಾರರನ್ನು ಕೆಡಿಸಿತು. ಬರೆದಿಟ್ಟ ಮಾತು ಸ್ನೇಹವನ್ನು ಕೆಡಿಸದು, ಕಾಯುತ್ತದೆ.

ಕಟ್ಟಿಸುವವರಿಗೂ ಒಂದು ಮಾತು. ಕಾಯಕವನ್ನು ಪೂಜ್ಯವೆಂದು ಬಗೆದ ಮನೆತನಗಳು ನಮ್ಮವು. ಹೊಸ ಮನೆಯ ಹೊಸ್ತಿಲಿಗೆ ಅರಿಷಿಣ ಕುಂಕುಮ ಹಚ್ಚುವ ಮುನ್ನ ಅದನ್ನು ಕೂಡಿಸಿದ ಬಡಗಿಯ ಲೆಕ್ಕ ತೀರಿತೇ ಎಂದು ಒಮ್ಮೆ ಕೇಳಿಕೊಳ್ಳೋಣ.